ಜೆ.ಪಿ. ನಗರದಿಂದ ಬೇಗೂರಿಗೆ, ಅರೆಕೆರೆಯ ಒಂದು ತಾರಸಿ ಹಾದು

ಮಾರ್ಚ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಎಂಟೂವರೆಗೆ ಜೆ.ಪಿ. ನಗರದ ನಮ್ಮ ಮನೆಯಿಂದ ಹೊರಟೆ. ಹೆಗಲ ಚೀಲದಲ್ಲಿ ದುರ್ಬೀನು, ದಿಕ್ಸೂಚಿ, ಎರಡು ಸ್ಪ್ಯಾನರು, ಒಂದು ಬಾಟಲಿ ನೀರು. ತಲುಪಬೇಕಾಗಿದ್ದದ್ದು ಬೇಗೂರು. ಹಕ್ಕಿ ಹಾರಿದ ಹಾಗೆ ಅಳೆದರೆ ಆರು ಕಿಲೋಮೀಟರು, ರಸ್ತೆಯಲ್ಲಿ ಹತ್ತರ ಮೇಲೆ. ಆ ದಿನ ನನಗೆ ಬೇಕಾಗಿದ್ದದ್ದು ಹಕ್ಕಿಯ ದಾರಿ.

ಬೇಗೂರಿನಲ್ಲಿ ನನ್ನ ಕಾಲೇಜು ದಿನಗಳ ಗೆಳತಿ ವಿಮಲಾ ಇದ್ದಾಳೆ. ಮಾತು ಕಲಿಸುವುದು ಅವಳ ಕೆಲಸ. ಕಿವಿ ಸರಿಯಾಗಿ ಕೇಳದ ಮಕ್ಕಳಿಗೆ, ದೂರದ ಜಿಲ್ಲೆಗಳಲ್ಲಿ ಇರುವವರಿಗೆ, ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಪಾಠ ಮಾಡುತ್ತಾಳೆ. ಅವಳ ಬೀದಿಯನ್ನು ಯಾರಾದರೂ ಅಗೆಯುತ್ತಲೇ ಇರುತ್ತಾರೆ, ಇಂಟರ್‌ನೆಟ್ ಕೇಬಲ್ಲು ತುಂಡಾಗುತ್ತಲೇ ಇರುತ್ತದೆ. "ನಾನು 'ಪ' ಅಂತೀನಿ ಕಣೇ, ಮಗೂಗೆ ಅರ್ಧ 'ಪ' ತಲುಪತ್ತೆ" ಎಂದು ಒಂದು ದಿನ ಫೋನಿನಲ್ಲಿ ಅತ್ತೇಬಿಟ್ಟಳು. ಮೂವತ್ತು ವರ್ಷ ಟೆಲಿಫೋನ್ ಕೆಲಸ ಮಾಡಿ ನಿವೃತ್ತಳಾದ ನನಗೆ ಅದನ್ನು ಕೇಳಿ ಸುಮ್ಮನಿರಲಾಗಲಿಲ್ಲ. ನಮ್ಮ ಮನೆಯ ಲೈನು ಚೆನ್ನಾಗಿದೆ, ಅದನ್ನೇ ಗಾಳಿಯಲ್ಲಿ ನಿನ್ನ ಮನೆಗೆ ಕಳಿಸುತ್ತೇನೆ ಎಂದೆ. ನಮ್ಮ ತಾರಸಿಯ ಮೇಲೊಂದು ಡಿಶ್, ಅವಳ ತಾರಸಿಯ ಮೇಲೊಂದು ಡಿಶ್, ಎರಡೂ ಎದುರುಬದುರು. ನಡುವೆ ತಂತಿ ಬೇಡ.

ಹಿಂದಿನ ವಾರ ಎರಡನ್ನೂ ಕೂರಿಸಿ ಆಗಿತ್ತು. ಆದರೆ ಸಿಗ್ನಲ್ಲು ಬರುವುದು, ಹೋಗುವುದು. ಎರಡು ಡಿಶ್‌ಗಳ ನಡುವಿನ ರೇಡಿಯೋ ಅಲೆ ದಾರದಂತೆ ಸಣ್ಣಗೆ ಹೋಗುವುದಿಲ್ಲ, ಮಧ್ಯದಲ್ಲಿ ಸೌತೆಕಾಯಿಯ ಹಾಗೆ ಉಬ್ಬುತ್ತದೆ. ಆ ಉಬ್ಬಿಗೆ ಏನು ತಾಗಿದರೂ ಕೆಲಸ ಕೆಡುತ್ತದೆ. ನಮ್ಮ ತಾರಸಿಯಿಂದ ದುರ್ಬೀನಿನಲ್ಲಿ ನೋಡಿದಾಗ, ಸುಮಾರು ಎರಡು ಕಿಲೋಮೀಟರ್ ಆಚೆ, ಸರಿಯಾಗಿ ಬೇಗೂರಿನ ದಿಕ್ಕಿಗೆ, ಒಂದು ನೀಲಿ ಶೀಟಿನ ಚಾವಣಿ ಬಿಸಿಲಿಗೆ ಹೊಳೆಯುತ್ತಿತ್ತು. ನಾನು ಹುಡುಕಿಕೊಂಡು ಹೊರಟಿದ್ದು ಅದನ್ನೇ.

ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲದ ಟಿಕೆಟ್. ಬನ್ನೇರುಘಟ್ಟ ರಸ್ತೆಯಲ್ಲಿ ಇಳಿದು, ನಿಂತು ತಿನ್ನುವ ಒಂದು ಹೋಟೆಲಿನಲ್ಲಿ ಇಡ್ಲಿ ವಡೆ, ಕಾಫಿ ಮುಗಿಸಿ ಅರೆಕೆರೆಯ ಒಳಕ್ಕೆ ನಡೆದೆ. ಒಂಬತ್ತೂವರೆಗೇ ಬಿಸಿಲು ಚುರುಗುಡುತ್ತಿತ್ತು. ಎಳನೀರು ಮಾರುವವನನ್ನು ನೀಲಿ ಶೀಟಿನ ಮನೆ ಎಲ್ಲಿ ಎಂದು ಕೇಳಿದೆ. "ನೀಲಿ ಶೀಟಾ? ಈ ಏರಿಯಾದಲ್ಲಿ ಕತ್ತೆತ್ತಿ ನೋಡಿದ್ರೆ ಎಲ್ಲಾ ನೀಲಿ ಶೀಟೇ ಮೇಡಂ" ಎಂದ. ಫೋನಿನ ಮ್ಯಾಪಿನಲ್ಲಿ ಗೆರೆ ಎಳೆದುಕೊಂಡಿದ್ದೆ. ಆದರೆ ಬೀದಿಗಳು ಗೆರೆಯ ಮಾತು ಕೇಳುವುದಿಲ್ಲ. ಮೂರು ಅಡ್ಡರಸ್ತೆ ಸುತ್ತಿ, ಎರಡು ಕಡೆ ಹಿಂದಕ್ಕೆ ಬಂದು, ಹತ್ತೂವರೆಗೆ ಆ ಮನೆ ಸಿಕ್ಕಿತು. ನಾಲ್ಕು ಮಹಡಿಯ ಬಾಡಿಗೆ ಕಟ್ಟಡ. ಕೆಳಗೆ ವೆಲ್ಡಿಂಗಿನವನೊಬ್ಬ ಗೇಟು ರಿಪೇರಿ ಮಾಡುತ್ತಿದ್ದ.

ಮನೆಯೊಡತಿ ಗೌರಮ್ಮ ಅಲ್ಲೇ ನಿಂತಿದ್ದರು. ಅರವತ್ತರ ಆಸುಪಾಸು, ಅದೇ ಊರಿನವರು. ಒಂದು ಕಾಲಕ್ಕೆ ಆ ಜಾಗದಲ್ಲೇ ರಾಗಿ ಬೆಳೆಯುತ್ತಿದ್ದರಂತೆ. ನನ್ನ ಮಾತು ಪೂರ್ತಿ ಕೇಳಿ, "ಮೇಲೆ ಬನ್ನಿ, ನೀವೇ ನೋಡೀರಂತೆ" ಎಂದು ಮೆಟ್ಟಿಲು ಹತ್ತಿದರು.

ತಾರಸಿಯಲ್ಲಿ ಒಂದು ರೂಮು, ರೂಮಿನ ಮುಂದೆ ನಾಲ್ಕು ಕಬ್ಬಿಣದ ಕಂಬ, ಅದರ ಮೇಲೆ ಎತ್ತರಕ್ಕೆ ಹಾಕಿದ ನೀಲಿ ಶೀಟು. ಕೆಳಗಿನ ನೆರಳಿನಲ್ಲಿ ಗಾಲಿಕುರ್ಚಿ. ಅದರಲ್ಲಿ ಗೌರಮ್ಮನವರ ಯಜಮಾನರು, ಮುನಿರಾಜಪ್ಪ, ಅರೆಕೆರೆ ಕೆರೆಯ ಕಡೆ ಮುಖ ಮಾಡಿ ಕೂತಿದ್ದರು.

"ಲಕ್ವಾ ಹೊಡೆದು ಎರಡು ವರ್ಷ ಆಯ್ತು" ಎಂದರು ಗೌರಮ್ಮ. "ಬಲಗಡೆ ಬಿದ್ದೋಯ್ತು. ಮಾತೂ ಹೋಯ್ತು. ಮೆಟ್ಟಿಲು ಇಳಿಸಕ್ಕಾಗಲ್ಲ ಅಂತ ಇಲ್ಲೇ ರೂಮು ಮಾಡಿದ್ವಿ."

ನಾನು 'ಅಯ್ಯೋ ಪಾಪ' ಎಂದೆ. ಎಂದವಳೇ ದಿಕ್ಸೂಚಿ ತೆಗೆದೆ. ಅದೇ ಶೀಟು, ಅನುಮಾನವಿರಲಿಲ್ಲ. ಗೌರಮ್ಮನವರಿಗೆ ಕಿವಿ ಕೇಳದ ಮಕ್ಕಳ ವಿಷಯ ಹೇಳಿದೆ. ಪಾಠ ನಡುವೆ ನಿಂತುಹೋಗುವುದನ್ನು ಹೇಳಿದೆ. ಶೀಟು ತೆಗೆದರೆ ಸಾಕು, ಖರ್ಚು ನನ್ನದು ಎಂದೆ.

ಅವರು ಕತ್ತೆತ್ತಿ ಶೀಟನ್ನು ನೋಡಿದರು. "ಮಕ್ಕಳಿಗೆ ಮಾತು ಬರತ್ತೆ ಅಂದ್ರೆ ಬೇಡ ಅನ್ನಕ್ಕಾಗತ್ತಾ ಅಮ್ಮ? ಗಾಳಿ ಬಂದ್ರೆ ದಡದಡ ಸದ್ದು ಅಂತ ಬಾಡಿಗೆಯವರೂ ಗೊಣಗ್ತಾರೆ. ಹೆಂಗೂ ವೆಲ್ಡಿಂಗಿನವನು ಬಂದವ್ನೆ, ಬಿಚ್ಚಿಸ್ತೀನಿ ಬಿಡಿ. ಖರ್ಚೇನೂ ಬೇಡ."

ಆಗ ಮುನಿರಾಜಪ್ಪ ಎಡಗೈ ಎತ್ತಿದರು. ಅಂಗೈ ನನ್ನ ಕಡೆ ಮಾಡಿ, ನಿಧಾನವಾಗಿ, ಎರಡು ಸಲ ಅಲ್ಲಾಡಿಸಿದರು. ಗೌರಮ್ಮ ಅಷ್ಟರಲ್ಲಿ ವೆಲ್ಡಿಂಗಿನವನನ್ನು ಕೂಗಲು ಮೆಟ್ಟಿಲ ಕಡೆ ತಿರುಗಿದ್ದರು. ನೋಡಿದವಳು ನಾನೊಬ್ಬಳೇ. ಅದಕ್ಕೆ ಅರ್ಥ ಒಂದೇ, ಬೇಡ ಎಂದು. ಅದು ನನಗೆ ಆಗಲೇ ಹೊಳೆದಿತ್ತು. ಆದರೂ ಕೈ ಮುಗಿದು, ನಕ್ಕು, ಹೋಗಿ ಬನ್ನಿ ಎಂದು ಅವರು ಬೀಳ್ಕೊಟ್ಟ ಹಾಗೆ ನಡೆದುಕೊಂಡೆ. ಬಿಚ್ಚಿದ ಮೇಲೆ ಹೇಳಿ ಎಂದು ಗೌರಮ್ಮನವರಿಗೆ ನನ್ನ ನಂಬರು ಕೊಟ್ಟು ಹೊರಟೆ.

ಬೇರೆ ದಾರಿ ಇರಲಿಲ್ಲವೇ ಎಂದರೆ, ಇತ್ತು. ನಮ್ಮ ತಾರಸಿಯ ಕಂಬವನ್ನು ಹದಿನೈದು ಅಡಿ ಎತ್ತರಿಸಿದ್ದರೆ ಅಲೆ ಆ ಶೀಟಿನ ಮೇಲೇ ಹಾದುಹೋಗುತ್ತಿತ್ತು. ಅಷ್ಟು ಎತ್ತರದ ಕಂಬ ಗಾಳಿಗೆ ಆಡದಂತೆ ಸುತ್ತ ತಂತಿ ಕಟ್ಟಬೇಕು, ಒಂದು ತಂತಿಯನ್ನು ಪಕ್ಕದ ಮನೆಯ ಗೋಡೆಗೆ ಬಿಗಿಯಬೇಕು. ಆ ಮನೆಯವರ ಜೊತೆ ನಾನು ಪಾರ್ಕಿಂಗ್ ವಿಷಯಕ್ಕೆ ಮಾತು ಬಿಟ್ಟು ವರ್ಷವಾಗಿತ್ತು. ಅವರನ್ನು ಹೋಗಿ ಕೇಳುವುದಕ್ಕಿಂತ ಅರೆಕೆರೆಯವರನ್ನು ಕೇಳುವುದು ನನಗೆ ಸುಲಭವಾಗಿ ಕಂಡಿತು. ಮುಂದಿನ ವಾರ ಕೊನೆಗೂ ಹೋಗಿ ಕೇಳಿದೆ. "ಕಟ್ಕೊಳ್ಳಿ, ಅದಕ್ಕೇನಂತೆ" ಎಂದರು. ಅರ್ಧ ದಿನದ ಕೆಲಸ.

ಅರೆಕೆರೆಯಿಂದ ಬೇಗೂರಿಗೆ ಆಟೋ ಹಿಡಿದೆ. ಹುಳಿಮಾವಿನಲ್ಲಿ ಇಪ್ಪತ್ತು ನಿಮಿಷ ಟ್ರಾಫಿಕ್ಕು. ಆಟೋದವನು ನೂರೈವತ್ತು ರೂಪಾಯಿ ತೆಗೆದುಕೊಂಡ. ವಿಮಲಾ ಬಿಸಿ ಅನ್ನ, ಹುರುಳಿಕಾಳಿನ ಬಸ್ಸಾರು ಮಾಡಿಟ್ಟಿದ್ದಳು. ಊಟ ಆಮೇಲೆ ಎಂದು ನೇರ ತಾರಸಿಗೆ ಹತ್ತಿದೆವು. ಒಂದು ಕಡೆ ನಾಗೇಶ್ವರ ದೇವಸ್ಥಾನದ ಗೋಪುರ, ಇನ್ನೊಂದು ಕಡೆ ಕೆರೆಯ ನೀರು, ದೂರದಲ್ಲಿ ಎಲ್ಲ ಕಟ್ಟಡಗಳೂ ಬಿಸಿಲಿನಲ್ಲಿ ಬೆಳ್ಳಗೆ. ಒಂದೂಕಾಲಿಗೆ ಗೌರಮ್ಮನವರ ಫೋನ್ ಬಂತು. "ಬಿಚ್ಚಿದ್ದಾಯ್ತು ಅಮ್ಮ, ನೋಡ್ಕೊಳ್ಳಿ."

ಡಿಶ್ಶನ್ನು ಒಂದು ಕೂದಲೆಳೆಯಷ್ಟು ತಿರುಗಿಸಿ ಬೋಲ್ಟು ಬಿಗಿದೆ. ಸಿಗ್ನಲ್ಲು ಏರಿತು, ಏರಿದ್ದು ಅಲ್ಲೇ ನಿಂತಿತು. ವಿಮಲಾ ಕೆಳಗಿಳಿದು, ಶಿರಾದ ಕಡೆಯ ಒಂದು ಹುಡುಗಿಗೆ ಕರೆ ಮಾಡಿದಳು. ಆ ಮಗು ವಿಮಲಾ ಅಂದದ್ದನ್ನೆಲ್ಲ ಒಂದೊಂದಾಗಿ ತಿರುಗಿ ಹೇಳಿತು. 'ಪಾಪು', 'ಪಟ', 'ಕಪ್ಪೆ'. ಒಂದು ಅಕ್ಷರವೂ ಕಳೆಯಲಿಲ್ಲ. ವಿಮಲಾ ನನ್ನ ಕೈ ಹಿಡಿದುಕೊಂಡಳು. ಆ ಹತ್ತು ನಿಮಿಷ ನಾನು ನಿಜವಾಗಿ ಸಂತೋಷದಲ್ಲಿದ್ದೆ.

ಊಟಕ್ಕೆ ಕೂತಾಗ ಅವಳು ಶೀಟು ಬಿಚ್ಚಿಸಿಕೊಟ್ಟವರು ಯಾರು ಎಂದು ಕೇಳಿದಳು. ಹೇಳಿದೆ. ಮಾತು ಹೋದ ಯಜಮಾನರ ವಿಷಯವನ್ನೂ ಹೇಳಿದೆ. ಅವಳು ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು.

"ಅವರಿಗೆ ಮಾತು ಹೋಗಿದೆಯಾ? ನನ್ನ ಕೆಲಸ ಏನು ಅಂತ ಹೇಳ್ದೆ ತಾನೆ?"

"ಮಕ್ಕಳ ವಿಷಯ ಹೇಳ್ದೆ."

"ಲಕ್ವಾ ಆದವರಿಗೂ ನಾನು ಮಾತು ಹೇಳಿಕೊಡ್ತೀನಿ ಕಣೇ. ನಿನಗೆ ಗೊತ್ತಲ್ವಾ?"

ಗೊತ್ತಿತ್ತು. ಅವಳು ಹತ್ತು ವರ್ಷ ಆಸ್ಪತ್ರೆಯಲ್ಲಿ ಮಾಡಿದ್ದು ಅದನ್ನೇ. ಆದರೆ ಆ ತಾರಸಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಶೀಟು ಮಾತ್ರ.

"ಅವರನ್ನ ಕೇಳಿದ್ಯಾ, ತೆಗೀಬಹುದಾ ಅಂತ?" ಎಂದು ಮತ್ತೆ ಕೇಳಿದಳು. "ಮಾತು ಬರದೇ ಇರೋರಿಗೆ ಎಲ್ಲಾ ಅರ್ಥ ಆಗ್ತಿರತ್ತೆ."

ಬಸ್ಸಾರು ತಣ್ಣಗಾಯಿತು.

ವಾಪಸು ಬರುವಾಗ ಅರೆಕೆರೆಯಲ್ಲಿ ಇಳಿದೆ. ಐದು ಗಂಟೆ ದಾಟಿತ್ತು. ಗೇಟಿನ ಕೆಲಸ ಮುಗಿದಿತ್ತು. ಮೆಟ್ಟಿಲು ಹತ್ತಿ ಹೋದರೆ, ಕಂಬಗಳಿದ್ದ ಕಡೆ ನೆಲಕ್ಕೆ ಸಮನಾಗಿ ಕೊಯ್ದ ನಾಲ್ಕು ಕಬ್ಬಿಣದ ಗುರುತು. ಕಾದ ಸಿಮೆಂಟಿನ ಬಿಸಿ ಚಪ್ಪಲಿಯ ಒಳಗೂ ತಾಗುತ್ತಿತ್ತು. ಮುನಿರಾಜಪ್ಪ ರೂಮಿನ ಒಳಗೆ, ಫ್ಯಾನಿನ ಕೆಳಗೆ ಇದ್ದರು. ಅಲ್ಲಿಂದ ಕೆರೆ ಕಾಣುತ್ತಿರಲಿಲ್ಲ.

"ಕಂಬ ಗೇಟಿಗೆ ಆಯ್ತು" ಎಂದರು ಗೌರಮ್ಮ. ಶೀಟನ್ನು ನಾನೇ ಹೊಸದಾಗಿ ಹಾಕಿಸಿಕೊಡುತ್ತೇನೆ, ನಮ್ಮ ಮನೆಯ ಕಡೆಯೇ ಡಿಶ್ ಎತ್ತರ ಮಾಡುತ್ತೇನೆ ಎಂದೆ. "ಈಗ ಬೇಡಮ್ಮ. ಹಾಕೋದು, ಕೀಳೋದು, ಎಷ್ಟು ಸಲ? ಮಳೆಗಾಲ ಕಳೀಲಿ, ನೋಡಣ." ಕೋಪವಿರಲಿಲ್ಲ, ದಣಿವಿತ್ತು. ವಿಮಲಾಳ ವಿಷಯ ಹೇಳಿ ನಂಬರು ಬರೆದುಕೊಟ್ಟೆ. ಮೊದಲು ಒಬ್ಬರು ಬಂದು ಮಾತು ಹೇಳಿಕೊಡುತ್ತಿದ್ದರಂತೆ, ಆರು ತಿಂಗಳಾದ ಮೇಲೆ ಮುನಿರಾಜಪ್ಪನವರೇ ಬೇಡ ಎಂದು ಮುಖ ತಿರುಗಿಸಿದರಂತೆ. "ಕೇಳಿ ನೋಡ್ತೀನಿ" ಎಂದು ಚೀಟಿ ಮಡಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು.

ನಾನು ಕುರ್ಚಿಯ ಪಕ್ಕ ಮೊಣಕಾಲೂರಿ ಕೂತು, ಆ ದಿನ ಮೊದಲ ಸಲ ಅವರ ಜೊತೆ ಮಾತಾಡಿದೆ. "ಬೆಳಿಗ್ಗೆ ನಿಮ್ಮನ್ನ ಕೇಳಬೇಕಿತ್ತು. ಕೇಳಲಿಲ್ಲ. ತಪ್ಪಾಯ್ತು." ಅವರು ನನ್ನನ್ನು ಪೂರ್ತಿ ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡರು. ತುಂಬ ಹೊತ್ತು ಕಾದೆ, ತೆರೆಯಲಿಲ್ಲ.

"ಸುಸ್ತಾಗಿದೆ ಅವರಿಗೆ" ಎಂದರು ಗೌರಮ್ಮ, ನನ್ನ ಮೇಲಿನ ಕರುಣೆಯಿಂದಲೇ ಇರಬೇಕು.

ಕೆಳಗಿಳಿದು ಬಸ್ಸಿನ ಕಡೆ ನಡೆದೆ. ಅಡ್ಡರಸ್ತೆಯ ತುದಿಯಲ್ಲಿ ನಿಂತು ತಿರುಗಿ ನೋಡಿದೆ. ತಾರಸಿಯಲ್ಲಿ ಗೌರಮ್ಮ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಅವರ ತಲೆಯ ಮೇಲೆ ಬರೀ ಆಕಾಶ. ಆ ಕಡೆ ಬೇಗೂರಿನವರೆಗೆ, ಈ ಕಡೆ ನಮ್ಮ ಮನೆಯವರೆಗೆ, ಈಗ ಯಾವ ಅಡ್ಡಿಯೂ ಇರಲಿಲ್ಲ.