ಸದಾ ಇರಬೇಕಾದಲ್ಲಿ ಸದ್ಯ

ನಮ್ಮ ದೊಡ್ಡಪ್ಪ ನಲವತ್ತು ವರ್ಷ ಕಲ್ಲಿನಲ್ಲಿ ಅಕ್ಷರ ಕೆತ್ತಿದವನು. ಹೆಚ್ಚಾಗಿ ಸಮಾಧಿಗಲ್ಲುಗಳೇ. “ನನ್ನ ಗಿರಾಕಿಗಳು ಸತ್ತರೂ ತಪ್ಪು ಹುಡುಕಲ್ಲ” ಎಂದು ನಗುತ್ತಿದ್ದ. ಒಂದು ವರ್ಷದಿಂದ ಅವನ ಬಲಗೈ ನಡುಗುತ್ತಿತ್ತು. ದೊಡ್ಡಮ್ಮನಿಗೂ ಹೇಳದೆ ಮುಚ್ಚಿಟ್ಟಿದ್ದ.

ಚರ್ಚಿನ ಬಾಗಿಲ ಮೇಲಿನ ಕಲ್ಲಿನಲ್ಲಿ, ದೇವರು ದಾವೀದ ರಾಜನಿಗೆ ಕೊಟ್ಟ ಮಾತನ್ನು ಕೆತ್ತಬೇಕಿತ್ತು: ಅವನ ವಂಶದ ಸಿಂಹಾಸನ ಸದಾ ಉಳಿಯುತ್ತದೆ ಎಂದು. ಕೆಲಸ ಮುಗಿಸಿ ಧೂಳು ಊದಿದಾಗ ದೊಡ್ಡಪ್ಪನಿಗೆ ತಪ್ಪು ಕಂಡಿತು. ನಡುಗುವ ಕೈಯನ್ನು ಕಾಯುವುದರಲ್ಲೇ ಗಮನವೆಲ್ಲ ಹೋಗಿ, ‘ಸದಾ’ ಬದಲು ‘ಸದ್ಯ’ ಎಂದು ಕೆತ್ತಿಬಿಟ್ಟಿದ್ದ. ಕಲ್ಲಿನ ಅಕ್ಷರ ಅಳಿಸಲಾದೀತೇ?

ಪಾದ್ರಿಗಳು ಬಂದು ಓದಿದರು. ದೊಡ್ಡಪ್ಪನತ್ತ ತಿರುಗಿ ಹೇಳಿದರು:

“ಹೆದರ್ಬೇಡಪ್ಪ. ದಾವೀದನ ಮಕ್ಕಳು ಮೊಮ್ಮಕ್ಕಳು ತಪ್ಪು ಮಾಡಿದ್ರು, ಏಟು ತಿಂದ್ರು, ಸಿಂಹಾಸನಾನೂ ಕಳ್ಕೊಂಡ್ರು. ಆದ್ರೂ ದೇವರು ಮಾತಿಗೆ ತಪ್ಪಲಿಲ್ಲ. ಅದೇ ವಂಶದಲ್ಲಿ ಯೇಸು ಹುಟ್ಟಿ ಕೊನೆಯಿಲ್ಲದ ರಾಜ ಆದ. ತಪ್ಪು ಮಾಡಿದವರನ್ನ ದೇವರು ಕೈಬಿಡಲ್ಲ.”

“ದೇವರು ವರ ಕೊಟ್ರೂ ಪೂಜಾರಿ ಕೊಡಬೇಕಲ್ಲ, ಫಾದರ್,” ಎಂದ ದೊಡ್ಡಪ್ಪ. “ನೀವು ಕೈಬಿಡಲ್ವಾ?”

ಪಾದ್ರಿಗಳ ಕಣ್ಣು ಅವನ ಬಲಗೈಯ ಮೇಲಿತ್ತು. ಅದನ್ನು ಬೆನ್ನ ಹಿಂದೆ ಸರಿಸುವಷ್ಟರಲ್ಲಿ ಉಳಿ ಜಾರಿ ನೆಲಕ್ಕೆ ಬಿತ್ತು.