ತೊಟ್ಟಿಯ ಬುಡದ ಮಣ್ಣು

ಮೊನ್ನೆ ದುಮ್ಮವಾಡದ ಅಂಗಡಿಯಿಂದ ಅಂಟವಾಳಕಾಯಿ ತಂದು, ಸರ ತೊಳೆಯಲೆಂದು ನೆನೆಹಾಕಿದ್ದೆ. ನೊರೆಯ ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ಕೈ ನಿಂತುಬಿಟ್ಟಿತು. ನಮ್ಮ ಬಾಜು ಮನೆಯ ಮುದುಕಿ ಆಯಿ ನೆನಪಾದಳು...

ಊರಿನ ಹಳೆಯ ಚರ್ಚಿನ ಕಸ ಹೊಡೆಯುತ್ತಿದ್ದವಳು ಅವಳು. ಆ ಕಲ್ಲುಕಟ್ಟಡ ಯಾವ ಕಾಲದ್ದೋ, ಹೇಳುವವರೇ ಇರಲಿಲ್ಲ. ಬಾಗಿಲ ಹತ್ತಿರ ಕರಿಕಲ್ಲಿನ ತೊಟ್ಟಿ. ಕೂಸುಗಳಿಗೆ ಜ್ಞಾನಸ್ನಾನ ಅದರಲ್ಲೇ. ಆಯಿ ಅದರ ಹೊರಮೈಯನ್ನು ಮಾತ್ರ ಅಂಟವಾಳದಿಂದ ತಿಕ್ಕುತ್ತಿದ್ದಳು. ಒಳಮೈಯನ್ನು ಬರೀ ಒದ್ದೆ ಅರಿವೆಯಿಂದ ಒರೆಸುತ್ತಿದ್ದಳು. ಅವಳ ಒಬ್ಬಳೇ ಮಗಳು ಒಂಬತ್ತು ದಿನ ಬದುಕಿದ್ದಳು. ಆ ತೊಟ್ಟಿಯ ನೀರು ತಲೆಗೆ ಬಿದ್ದ ಮರುದಿನವೇ ಹೋದಳು. ಹೂತ ಜಾಗವೂ ಹೊಲದಲ್ಲಿ ಸೇರಿಹೋಗಿತ್ತು.

ಗೋಡೆ ಬಿರಿದು, ಬರುವವರೂ ಇಲ್ಲದಾಗಿ, ಚರ್ಚನ್ನು ಕೆಡವಿದರು. ನಾನು ಮನೆಯವರನ್ನು ಕಾಡಿ ಬೇಡಿ ತೊಟ್ಟಿಯನ್ನು ನಮ್ಮ ಹಿತ್ತಲಿಗೆ ತರಿಸಿದೆ. ಹೆಮ್ಮೆಯಿಂದ ಓಡಿದೆ.

“ಆಯಿ, ಬಾ ನೋಡಬಾ! ನಿನ್ನ ತೊಟ್ಟಿ ಉಳಿಸೇನಿ.”

ಅವಳು ಬಗ್ಗಿ, ಅಡ್ಡ ಮಲಗಿಸಿದ್ದ ತೊಟ್ಟಿಯ ತಳದ ತೂತಿನಲ್ಲಿ ಬೆರಳಿಟ್ಟಳು. ಬೆರಳು ಆಚೆ ಗಾಳಿಗೆ ಬಂತು.

“ಭಾಳ ಶಾಣ್ಯಾಕಿ ಅದೀಬೇ. ಕಾನ್ವೆಂಟ್ ಕಲತಾಕಿ ಅಲ್ಲೇನ? ಇದರ ಬುಡದಾಗಿನ ಮಣ್ಣೆಲ್ಲಿ?”

ಆಗ ನೆನಪಾಯಿತು. ಮಂತ್ರಿಸಿದ ನೀರು ಚರಂಡಿಗೆ ಹೋಗಬಾರದು, ಮಣ್ಣಿಗೇ ಇಳಿಯಬೇಕು ಎಂದು ಸಿಸ್ಟರ್ ಕಲಿಸಿದ್ದರು. ನಾನೇ ಉರು ಹೊಡೆದು ಒಪ್ಪಿಸಿದ್ದೆ. ಆಯಿಯ ಮಗಳ ನೆತ್ತಿಯಿಂದ ಇಳಿದ ನೀರು ಆ ತೂತಿನ ಕೆಳಗಿನ ಮಣ್ಣಿನಲ್ಲಿತ್ತು. ಆಯಿ ಇಷ್ಟು ವರ್ಷ ಕಾಯುತ್ತಿದ್ದದ್ದು ಕಲ್ಲನ್ನಲ್ಲ.

ಇಬ್ಬರೂ ಚರ್ಚಿದ್ದ ಜಾಗಕ್ಕೆ ಓಡಿದೆವು. ಅಲ್ಲಿ ಆಗಲೇ ಆಳದ ಗುಂಡಿ. ಟ್ರ್ಯಾಕ್ಟರಿನವನು ಬೀಡಿ ಸೇದುತ್ತ ಕುಳಿತಿದ್ದ.

“ಆ ಮಣ್ಣೇನ್ರಿ ಅಕ್ಕಾರ? ಹೋತಲ್ರೀ! ಊರ ರಸ್ತಾಕ್ಕ ಹಾಕಿ ಬಂದೆ. ಮಣ್ಣಿಗೇನ್ ಬರ ಬಂದೈತ್ರಿ?”

ರಸ್ತೆಯಲ್ಲಿ ಎಲ್ಲೆಂದು ಅವನಿಗೂ ಗೊತ್ತಿರಲಿಲ್ಲ... ನಾಲ್ಕು ಕಡೆ ಸುರುವಿ, ಮಟ್ಟ ಮಾಡಿಬಿಟ್ಟಿದ್ದರು. ಮಾರನೆಯ ದಿನದಿಂದ ಆಯಿ ಊರ ರಸ್ತೆಯಲ್ಲಿ ಚಪ್ಪಲಿ ಹಾಕಲಿಲ್ಲ. ಬಿಸಿಲಿರಲಿ, ಮುಳ್ಳಿರಲಿ, ಅಂಚು ಹಿಡಿದು ಬರಿಗಾಲಲ್ಲಿ ನಡೆದಳು. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ...

ಆಯಿ ಹೋಗಿ ಎರಡು ವರ್ಷವಾಯಿತು. ರಸ್ತೆಗೆ ಈಗ ಡಾಂಬರು ಬಿದ್ದಿದೆ. ದಿನಾ ಬೆಳಿಗ್ಗೆ ಹಾಲಿಗೆಂದು ಅದರ ಮೇಲೇ ಹೋಗಿ ಬರುತ್ತೇನೆ, ಚಪ್ಪಲಿ ಹಾಕಿಕೊಂಡೇ.