ಹಲ್ಲಿನಲ್ಲಿ ಕಚ್ಚಿದ ಸೆರಗು

ಬೈಲಹೊಂಗಲದ ಪೇಟೆಯಲ್ಲಿರುವ ನನ್ನ ಫೋಟೋ ಸ್ಟುಡಿಯೋದ ಕಂಪ್ಯೂಟರಿನೊಳಗೆ ಒಬ್ಬ ಮಹಾಶಯ ವಾಸವಾಗಿದ್ದಾನೆ. ಫೋಟೋ ತಿದ್ದುವುದು ಅವನ ಉದ್ಯೋಗ. ಜನ ಅವನನ್ನು ಸಾಫ್ಟ್‌ವೇರ್ ಎನ್ನುತ್ತಾರೆ. ವರ್ಷಕ್ಕೊಮ್ಮೆ ಕಾಣಿಕೆ ಸಲ್ಲದಿದ್ದರೆ ಬಾಗಿಲು ಹಾಕಿಕೊಳ್ಳುತ್ತಾನೆ. ಸಂದರೆ ಬಾಗಿಲು ತೆರೆಯುತ್ತಾನೆ, ಆದರೆ ಅಷ್ಟರೊಳಗೆ ಸಾಮಾನುಗಳನ್ನೆಲ್ಲ ಜಾಗ ಬದಲಿಸಿ ಇಟ್ಟಿರುತ್ತಾನೆ. ನಿನ್ನೆ ಎಡಗಡೆ ಇದ್ದ ಕತ್ತರಿ ಇವತ್ತು ಬಲಗಡೆ. ಕುಂಚವಂತೂ ಇನ್ಯಾವುದೋ ಚಿತ್ರದ ಬೆನ್ನ ಹಿಂದೆ ಅಡಗಿ ಕೂತಿರುತ್ತದೆ. ಇದಕ್ಕೆ ಸುಧಾರಣೆ ಎಂದು ಹೆಸರು. ನನ್ನ ಹೆಂಡತಿ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯನ್ನು ಇಷ್ಟು ಸಲ ಸುಧಾರಿಸಿದ್ದರೆ, ನಮಗೆ ಇಷ್ಟು ಹೊತ್ತಿಗೆ ಉಪ್ಪಿನ ಹೋಳಿಗೆ ತಿಂದು ರೂಢಿಯಾಗಿರುತ್ತಿತ್ತು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವನ ಸೌಂದರ್ಯಪ್ರಜ್ಞೆ. ಹಣೆಯ ವಿಭೂತಿ ಅವನ ಕಣ್ಣಿಗೆ ಗೀರು, ಹುಬ್ಬಿನ ನಡುವಿನ ಹಚ್ಚೆ ಅವನ ಕಣ್ಣಿಗೆ ಕಲೆ. ನಮ್ಮ ಬಿಸಿಲಿನಲ್ಲಿ ಒಂದು ಜೀವಮಾನ ಬೆಂದ ಮುಖವನ್ನು ಕೊಟ್ಟರೆ ಇಸ್ತ್ರಿ ಮಾಡಿ ಹಿಂತಿರುಗಿಸುತ್ತಾನೆ. ರಾಮದುರ್ಗದ ಹಿರಿಯರೊಬ್ಬರು ತೀರಿಕೊಂಡಾಗ ಅವರ ಫೋಟೋ ದೊಡ್ಡದು ಮಾಡಲು ಬಂದಿತ್ತು. ಮಹಾಶಯ ಅವರ ವಿಭೂತಿಯನ್ನು ಪೂರ್ತಿ ಒರೆಸಿ ಹಾಕಿದ. ಮಗ ಬಂದು ನೋಡಿದವನೇ, "ಏನ್ರೀ, ನಮ್ಮಪ್ಪ ಪೂಜಿ ಬಿಟ್ಟು ಎದ್ದ ಬಂದಾಂಗ ಕಾಣ್ತಾನಲ್ರಿ?" ಎಂದ. ಆ ಹಿರಿಯರು ಪೂಜೆಯಿಲ್ಲದೆ ಚಹಾ ಮುಟ್ಟಿದವರಲ್ಲ. ಬದುಕಿದ್ದಾಗ ಯಾರಿಗೂ ಆಗದ ಕೆಲಸವನ್ನು ಕಂಪ್ಯೂಟರ್ ಅವರು ಸತ್ತ ಮೇಲೆ ಮಾಡಿ ತೋರಿಸಿತ್ತು.

ನಾನು ಪೆನ್ಸಿಲಿನ ಕಾಲದವನು. ನೆಗೆಟಿವ್ ಅನ್ನು ಗಾಜಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಉಸಿರು ಹಿಡಿದು ಟಚಿಂಗ್ ಮಾಡುತ್ತಿದ್ದೆವು. ಒಂದು ಚುಕ್ಕೆ ಹೆಚ್ಚಾದರೆ ಗಿರಾಕಿಯ ಸೋದರಮಾವ ಜಗಳಕ್ಕೆ ಬಂದು ಕೂಡುತ್ತಿದ್ದ. ಹೀಗಾಗಿ ಕೈ ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲು ಕಲಿತೆವು. ಮಹಾಶಯನಿಗೆ ಸೋದರಮಾವಂದಿರ ಭಯವಿಲ್ಲ.

ಹೋದ ವರ್ಷ ದೀಪಾವಳಿಗೆ ಮೊದಲು ಸವದತ್ತಿಯಿಂದ ಒಬ್ಬ ಟೀಚರ್ ಬಂದರು. ವಯಸ್ಸು ಐವತ್ತರ ಆಚೆ ಈಚೆ. ಹುಡುಗರನ್ನು ಗದರಿಸಿ ಗದರಿಸಿ ದನಿ ಗಟ್ಟಿಯಾಗಿತ್ತು. ಚೀಲದಿಂದ ಅಂಗೈಯಷ್ಟು ದೊಡ್ಡ ಹಳೆಯ ಫೋಟೋ ತೆಗೆದು ಮೇಜಿನ ಮೇಲಿಟ್ಟರು.

"ಅಣ್ಣಾರ, ಇದರಾಗ ನಮ್ಮವ್ವ ಅದಾಳ. ಅಕಿದು ಇದೊಂದ ಫೋಟೋ. ಅಕಿ ಹೋದಾಗ ನಾ ಇನ್ನೂ ತೊಟ್ಟಿಲದಾಗಿದ್ದೆ. ಸವದತ್ತ್ಯಾಗ ಮನಿ ಕಟ್ಟೇನಿ, ದೀಪಾವಳಿ ಆದಮ್ಯಾಲಿನ ಸೋಮವಾರ ವಾಸ್ತುಶಾಂತಿ ಐತಿ. ಮೊದಲ ಅವ್ವ ಒಳಗ ಹೋಗಬೇಕು, ಆಮ್ಯಾಲೆ ನಾನು."

ಫೋಟೋ ಮುನವಳ್ಳಿಯ ಒಂದು ಮನೆಯ ಅಂಗಳದ್ದು. ಕುರ್ಚಿಯ ಮೇಲೆ ರುಮಾಲು ಸುತ್ತಿದ ಯಜಮಾನ, ಮೊಣಕಾಲ ನಡುವೆ ಬಡಿಗೆ. ಹಿಂದೆ ಇಬ್ಬರು ಸೊಸೆಯಂದಿರು. ಅವರು ಅಕ್ಕ ತಂಗಿಯರು, ಅಣ್ಣ ತಮ್ಮಂದಿರಿಗೆ ಕೊಟ್ಟು ಒಂದೇ ಮನೆಗೆ ಬಂದವರು. ಹಿರಿಯಾಕೆ ಕ್ಯಾಮೆರಾವನ್ನು ಸಾಲಗಾರನನ್ನು ನೋಡುವಂತೆ ದಿಟ್ಟಿಸಿದ್ದಾಳೆ. ಟೀಚರನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ ದೊಡ್ಡವ್ವ ಆಕೆಯೇ. ಕಿರಿಯಾಕೆ ಅವ್ವ. ತಲೆಯ ಮೇಲಿನ ಸೆರಗನ್ನು ಮುಖಕ್ಕೆ ಎಳೆದುಕೊಂಡು ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿದ್ದಾಳೆ. ಮೂಗಿನ ಕೆಳಗೆ ಏನೂ ಕಾಣುವುದಿಲ್ಲ. ಹಣೆಯ ಮೇಲೆ ಹಚ್ಚೆ. ಕಣ್ಣು ಕಿರಿದಾಗಿವೆ. ಹೊಸ ಸೊಸೆ, ನಾಚಿಕೆ. ಮೇಲಾಗಿ ಬಿಸಿಲು ಎಂದು ನಾನು ಕೂತಲ್ಲೇ ತೀರ್ಪು ಕೊಟ್ಟೆ.

"ಸೆರಗ ತಗದು ಮಾರಿ ಪೂರ್ತಿ ಕಾಣೂವಂಗ ಮಾಡಿ ಕೊಡ್ರಿ. ಈಗ ಎಲ್ಲಾ ಬರತೈತಂತಲ್ಲ?"

"ಅಕ್ಕೋರ, ಹರದದ್ದು ಹೊಲೀಬಹುದು. ಆದರ ಇಲ್ಲದ್ದು..." ಎನ್ನುತ್ತ ನಾನು ಫೋಟೋವನ್ನು ಮಹಾಶಯನ ಮುಂದೆ ಇಟ್ಟು ಗುಂಡಿ ಒತ್ತಿದೆ. ಅವನು ನನ್ನ ವಾಕ್ಯ ಮುಗಿಯುವವರೆಗೂ ಕಾಯಲಿಲ್ಲ. ಸೆರಗನ್ನು ಅಡ್ಡ ಬಂದ ವಸ್ತು ಎಂದು ತಿಳಿದು ಎತ್ತಿ ಬಿಸಾಕಿದ. ಮೂಗಿನ ಕೆಳಗೆ ತುಟಿ ಬಂದವು, ತುಟಿಯ ನಡುವೆ ಹಲ್ಲು ಬಂದವು. ಎಂಥ ಹಲ್ಲು! ಟೂತ್‌ಪೇಸ್ಟಿನ ಡಬ್ಬಿಯ ಮೇಲೆ ಹೊಳೆಯುವಂಥವು. ಹೋಗುವಾಗ ದಾರಿಯಲ್ಲಿ ಸಿಕ್ಕಿತೆಂದು ಹಣೆಯ ಹಚ್ಚೆಯನ್ನೂ ಒರೆಸಿದ್ದ.

ಟೀಚರ್ ಪರದೆಯ ಹತ್ತಿರ ಬಾಗಿದರು. ಗಟ್ಟಿ ದನಿ ಎಲ್ಲಿ ಹೋಯಿತೋ. "ಅವ್ವಾ" ಎಂದರು.

ನಾನು ಹೇಳಲೇಬೇಕಾಗಿತ್ತು, ಹೇಳಿದೆ. "ಅಕ್ಕೋರ, ಮೂಗಿನ ಮ್ಯಾಲಿಂದು ನಿಮ್ಮವ್ವಂದು. ಮೂಗಿನ ಕೆಳಗಿಂದು ಯಾರದೋ ನನಗೂ ಗೊತ್ತಿಲ್ಲ, ಇದಕ್ಕೂ ಗೊತ್ತಿಲ್ಲ."

"ಇರಲಿ ಬಿಡ್ರಿ ಅಣ್ಣಾರ. ಇಷ್ಟ ವರ್ಷ ಅರ್ಧಾ ಮಾರಿ ನೋಡೇನಿ. ಇನ್ನರ್ಧಾ ಯಾರದರ ಇರಲಿ."

ಆದರೂ ಕೈ ನಿಲ್ಲಬೇಕಾದ ಜಾಗ ಇದೇ ಎಂದು ಒಳಗಿನಿಂದ ಯಾರೋ ಹೇಳುತ್ತಿದ್ದರು. "ಚೌಕಟ್ಟ ಹಾಕೂಕಿಂತ ಮೊದಲ ನಿಮ್ಮ ದೊಡ್ಡವ್ವಗ ಒಮ್ಮೆ ತೋರಸ್ರಿ. ಅಕಿನ್ನ ಕಣ್ಣಿಲೆ ಕಂಡಾವ್ರು ಈಗ ಅವರೊಬ್ಬರ" ಎಂದೆ. ದೊಡ್ಡವ್ವನನ್ನು ಕಣ್ಣಿನ ಆಪರೇಶನ್ ಆದ ಮೇಲಿನ ತಪಾಸಣೆಗೆ ಬರುವ ವಾರ ಬೈಲಹೊಂಗಲಕ್ಕೇ ಕರೆತರುವುದಿದೆ, ಆಗ ತೋರಿಸಿದರಾಯಿತು ಎಂದು ಟೀಚರ್ ಒಪ್ಪಿದರು.

ಸಂಜೆ ನನ್ನ ಹೆಂಡತಿ ಬಂದು ಪರದೆ ನೋಡಿದಳು. "ಚೊಲೋ ಬಂದೈತಲ್ರಿ. ಮುಖಾ ಯಾಕ ಗಂಟ ಹಾಕ್ಕೊಂಡೇರಿ?"

"ಅದು ಅಕಿ ಬಾಯಿ ಅಲ್ಲ."

"ನಮ್ಮ ಮದವಿ ಫೋಟೋದಾಗ ನನ್ನ ಮೂಗ ಸಣ್ಣ ಮಾಡಿದ್ರಲ್ಲ, ಅದು ಯಾರ ಮೂಗು?"

ನಾನು ಪೆನ್ಸಿಲಿನಿಂದ ಸಾಸಿವೆಯಷ್ಟು ನೆರಳು ಕೊಟ್ಟಿದ್ದೆ ಅಷ್ಟೇ, ಮೂಗು ಆಕೆಯದೇ ಎಂಬ ನನ್ನ ವಾದವನ್ನು ಆ ನ್ಯಾಯಾಲಯ ಎತ್ತಿ ಹಿಡಿಯಲಿಲ್ಲ.

ಮುಂದಿನ ವಾರ ದೊಡ್ಡವ್ವ ಬಂದರು. ಎಂಬತ್ತರ ಜೀವ, ಕರಿ ಕನ್ನಡಕ. ನಾನು ಕುರ್ಚಿ ಕೊಟ್ಟೆ. ಟೀಚರ್ ಆಸೆಯಿಂದ ತಿದ್ದಿದ ಫೋಟೋ ಕೈಗಿಟ್ಟರು. ದೊಡ್ಡವ್ವ ಕನ್ನಡಕ ಮೇಲೆತ್ತಿದರು.

"ಯಾರಿಕಿ?"

"ಅವ್ವ."

"ಯಾರವ್ವ?"

"ನಮ್ಮವ್ವ, ದೊಡ್ಡವ್ವಾ. ನಿನ್ನ ತಂಗಿ."

ದೊಡ್ಡವ್ವ ಫೋಟೋವನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ಹೊಸಾ ಕಣ್ಣ ಮಗಳ, ಗ್ವಾಡಿ ಮ್ಯಾಲಿನ ಇರವಿ ಕಾಣಸ್ತೈತಿ. ಇಕಿ ನನ್ನ ತಂಗಿ ಅಲ್ಲ. ಇಕಿ ಯಾವದೋ ಸೀರಿ ಅಂಗಡಿ ಬೋರ್ಡಿನಾಕಿ."

ಟೀಚರ್ ಮುಖ ಬಾಡಿತು. ನಾನು ಹಳೆಯ ಫೋಟೋವನ್ನು ತೆಗೆದು ಕೊಟ್ಟೆ. ದೊಡ್ಡವ್ವ ಅದನ್ನು ನೋಡಿದ್ದೇ ತಡ, ಹೆಗಲು ಕುಲುಕಿಸಿಕೊಂಡು ನಗತೊಡಗಿದರು.

"ತಮ್ಮಾ, ಆ ಫೋಟೋದಾಂವ ಇದ್ನಲ್ಲ, ಕರೇ ಅರಬಿ ತಲಿಮ್ಯಾಲ ಹೊತ್ಕೊಂಡು ಕ್ಯಾಮೆರಾದ ಡಬ್ಬಿ ಹಿಂದ ಬಗ್ಗಿದ್ದ. ಅವನ ಮಗ್ಗಲಿಗೆ ನಮ್ಮ ಎಮ್ಮಿ ಬಂದು ನಿಂತಿತ್ತು. ಎರಡೂ ಒಂದ ಬಣ್ಣ. ಇಕಿ ನನ್ನ ಕಿವ್ಯಾಗ 'ಅಕ್ಕಾ, ಇವರಾಗ ಫೋಟೋ ತಗಿಯಾವ್ರು ಯಾರು?' ಅಂದ್ಲು. ಮುಂದ ಮಾವ ಕುಂತಾನ! ಅವನ ಮುಂದ ಸೊಸ್ತೇರ ಹಲ್ಲ ಕಂಡ್ರ ಮುಗೀತು. ನಾ ಗಟ್ಟಿ ಜೀವ, ತಡಕೊಂಡೆ. ಅಕಿ ಸೆರಗ ಕಚ್ಚಿದ್ಲು."

ಅಂದರೆ ಅದು ನಾಚಿಕೆಯೂ ಅಲ್ಲ, ಬಿಸಿಲೂ ಅಲ್ಲ. ಆಕೆ ನಗುತ್ತಿದ್ದಳು. ನಾನು ಭೂತಗನ್ನಡಿ ಹಿಡಿದು ಮತ್ತೆ ನೋಡಿದೆ. ಕಣ್ಣಿನ ಕೆಳಗೆ ಕೆನ್ನೆ ಉಬ್ಬಿತ್ತು, ಸೆರಗಿನ ಅಂಚು ಬಿಗಿಯಾಗಿ ಎಳೆದಂತಿತ್ತು. ಅದನ್ನೇ ಮಹಾಶಯ ಎತ್ತಿ ಬಿಸಾಕಿದ್ದ. ನಾನೂ ಕಂಡಿರಲಿಲ್ಲವಾದ್ದರಿಂದ ಈ ವಿಷಯದಲ್ಲಿ ಅವನೊಬ್ಬನನ್ನೇ ಬೈಯುವಂತಿರಲಿಲ್ಲ.

ಟೀಚರ್ ಇನ್ನೂ ಬಿಡಲಿಲ್ಲ. "ದೊಡ್ಡವ್ವಾ, ಹಂಗಾರ ಅಕಿ ಬಾಯಿ ಹೆಂಗಿತ್ತು? ಹಲ್ಲ ಹೆಂಗಿದ್ವು? ನೀ ಹೇಳು, ಅಣ್ಣಾರು ಹಂಗ ಮಾಡತಾರ."

ದೊಡ್ಡವ್ವ ಕಣ್ಣು ಮುಚ್ಚಿಕೊಂಡರು. ರಸ್ತೆಯಲ್ಲಿ ಕಿತ್ತೂರಿನ ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. "ಸುಳ್ಳ ಯಾಕ ಹೇಳಲಿ ಮಗಳ. ಅಕಿ ನಗೂ ಸಪ್ಪಳ ಈಗೂ ಕಿವ್ಯಾಗ ಐತಿ. ಹಲ್ಲ ನೆನಪಿಲ್ಲ." ಆಮೇಲೆ ಕಂಪ್ಯೂಟರಿನ ಕಡೆ ಗದ್ದ ತೋರಿಸಿ, "ಒಂದ ಮನ್ಯಾಗ ಹುಟ್ಟಿ ಒಂದ ಮನ್ಯಾಗ ಬಾಳಿದ ನನಗ ನೆನಪಿಲ್ಲ, ಇದಕ್ಕ ಹೆಂಗ ನೆನಪ ಬಂತೋ ನಾ ಕಾಣೆ" ಎಂದರು.

ಟೀಚರ್ ಎರಡೂ ಫೋಟೋಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಿದರು. ಹಲ್ಲಿನ ಅವ್ವನನ್ನು ಬೋರಲು ಹಾಕಿದರು. "ಅಣ್ಣಾರ, ಅಕಿ ಸೆರಗ ಅಕಿಗೆ ಕೊಡ್ರಿ."

"ಕೊಡತೇನಿ" ಎಂದೆ. "ಸೋಮವಾರದೊಳಗ ಕೊಡತೇನಿ."

ಹೇಳುವುದು ಸುಲಭ. ಹಳೆಯ ಫೋಟೋ ಎಂದೋ ಹಸಿ ಗೋಡೆಗೆ ತಾಗಿ ಕೆನ್ನೆಯಿಂದ ಸೆರಗಿನವರೆಗೆ ಕಲೆ ಹರಡಿತ್ತು. ಕಲೆ ತೆಗೆಯಬೇಕು, ಸೆರಗು ಉಳಿಯಬೇಕು, ಹಚ್ಚೆ ಉಳಿಯಬೇಕು, ಉಬ್ಬಿದ ಕೆನ್ನೆ ಇಸ್ತ್ರಿಯಾಗಬಾರದು. ಮಹಾಶಯನ ಮೇಲೆ ಯುದ್ಧ ಘೋಷಿಸಿದೆ. ಅವನ ಜಾಣತನಗಳನ್ನು ಒಂದೊಂದಾಗಿ ಹುಡುಕಿ ಬಾಯಿ ಕಟ್ಟಿದೆ. ಒಂದನ್ನು ಕಟ್ಟಿದರೆ ಇನ್ನೊಂದು ಮೂಲೆಯಿಂದ ಇಣುಕಿ, ಇನ್ನೂ ಚೆನ್ನಾಗಿ ಮಾಡಿಕೊಡಲೇ ಎಂದು ಕೇಳುತ್ತಿತ್ತು. ಬೇಡ ಎಂದೆ. ಮತ್ತೆ ಕೇಳಿತು. ಮದುವೆ ಊಟದಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳಸಂದಿಯಲ್ಲಿ ಬೂಂದಿ ಸುರಿಯುವ ಬೀಗರ ಜಾತಿ ಅದು. ಅರ್ಧ ಕೆಲಸವಾದಾಗ ಕರೆಂಟು ಹೋಗಿ ಮಾಡಿದ್ದೆಲ್ಲ ಅಳಿಸಿಹೋಯಿತು. ಮತ್ತೆ ಕೂತೆ. ಕೊನೆಗೆ ಅವನ ಸಾಮಾನುಗಳಲ್ಲೆಲ್ಲ ಅತ್ಯಂತ ದಡ್ಡದಾದ ಸಣ್ಣ ಕುಂಚವೊಂದನ್ನು ಆರಿಸಿಕೊಂಡು, ಪಕ್ಕದಲ್ಲಿ ಹಳೆಯ ಫೋಟೋ ಇಟ್ಟು, ಒಂದೊಂದೇ ಚುಕ್ಕೆ ತುಂಬುತ್ತ ಹೋದೆ.

ಹೆಂಡತಿ ಚಹಾ ತಂದಳು. "ಎಲ್ಲೀಮಟ ಬಂತು?"

"ಸೆರಗಿನ ದಡೀಗೆ ಬಂದೇನಿ."

"ನಿನ್ನೆನೂ ದಡ್ಯಾಗ ಇದ್ರಿ."

"ಇಳಕಲ್ ಸೀರಿ. ದಡಿ ದೊಡ್ಡದೈತಿ."

"ಆಗಲಿ. ಅಕಿ ಉಟ್ಟ ಹರದ ಸೀರಿ ನೀವ ನೇಯ್ದು ಮುಗಸ್ರಿ" ಎಂದು ಆಕೆ ಹೋದಳು. ಆದರೆ ಮರುದಿನ ತಾನೇ ಬಂದು ಪರದೆಗೆ ಮೂಗು ತಾಗಿಸಿ, "ಇಲ್ಲಿ ನಿರಿಗಿ ತಪ್ಪೇತಿ ನೋಡ್ರಿ, ಸೆರಗ ಎಳದಾಗ ಹಿಂಗ ಬೀಳಾಂಗಿಲ್ಲ" ಎಂದು ತನ್ನ ಸೆರಗನ್ನೇ ಎಳೆದು ಕಚ್ಚಿ ತೋರಿಸಿದಳು. ನಾನು ತಿದ್ದಿದೆ.

ಆ ದಿನಗಳಲ್ಲಿ ಮಹಾಶಯನನ್ನು ಹೆತ್ತ ದೊಡ್ಡ ಮಂದಿಗೆ ನಾನು ಮನಸ್ಸಿನಲ್ಲೇ ಒಂದು ವಿನಂತಿ ಸಲ್ಲಿಸಿದೆ, ಈಗ ಇಲ್ಲಿ ಬಹಿರಂಗವಾಗಿ ಸಲ್ಲಿಸುತ್ತಿದ್ದೇನೆ. ಸ್ವಾಮಿ, ನಿಮ್ಮ ಕೂಸಿಗೆ "ನನಗೆ ಗೊತ್ತಿಲ್ಲ" ಎಂಬ ಮಾತು ಕಲಿಸಿ. ಎಂಬತ್ತು ವರ್ಷದ ದೊಡ್ಡವ್ವ ಅದನ್ನು ಹೇಳಬಲ್ಲರು, ಅವನಿಗೇನು ಧಾಡಿ? ಊಹಿಸಿ ತುಂಬಿದ್ದರೆ ತುಂಬಿದ ಜಾಗಕ್ಕೆ ಅರಿಸಿನ ಬಣ್ಣ ಬಳಿದು ತೋರಿಸಲಿ. ಇಟ್ಟುಕೊಳ್ಳುವುದೋ ಬಿಡುವುದೋ ನಾವು ನೋಡಿಕೊಳ್ಳುತ್ತೇವೆ. ಯಾರ ಹಣೆಗೂ ಕೇಳದೆ ಕೈ ಹಚ್ಚದಿರಲಿ. ಅವನ ಜಾಣತನವನ್ನೆಲ್ಲ ಒಟ್ಟಿಗೆ ಆರಿಸುವ ಒಂದು ಗುಂಡಿ ಇರಲಿ, ಮತ್ತು ಸುಧಾರಣೆಯ ಮಾರನೆಯ ದಿನವೂ ಅದು ಅದೇ ಜಾಗದಲ್ಲಿರಲಿ. ಫೋಟೋದ ಕೆಳಗೆ ಕನ್ನಡದಲ್ಲಿ ಬರೆದರೆ ಒತ್ತಕ್ಷರಗಳು ಪಾಲು ಕೇಳಿ ಬೇರೆಯಾದ ತಮ್ಮಂದಿರಂತೆ ದೂರ ಸರಿದು ನಿಲ್ಲುತ್ತವೆ. ಅವನ್ನು ದಯವಿಟ್ಟು ಮನೆಗೆ ಕರೆತನ್ನಿ. ಇಷ್ಟಾದರೆ ವರ್ಷದ ಕಾಣಿಕೆಯನ್ನು ಗೊಣಗದೆ ಸಲ್ಲಿಸುತ್ತೇನೆ. ಆಗದಿದ್ದರೆ ಗೊಣಗುತ್ತ ಸಲ್ಲಿಸುತ್ತೇನೆ, ಆದರೆ ಸೋಲುವುದಿಲ್ಲ.

ಚೌಕಟ್ಟಿಗೆ ಹೊಂದಿಸುವಾಗ ಮುಂದೆ ಕೂತಿದ್ದ ಯಜಮಾನರನ್ನು ಕತ್ತರಿಸಬೇಕಾಯಿತು. ಅವರ ರುಮಾಲಿನ ತುದಿ ಅವ್ವನ ಮೊಣಕೈಯವರೆಗೆ ಏರಿತ್ತು. ಅದರ ಮೇಲಿನಿಂದ ಕತ್ತರಿ ಆಡಿಸಿ, ಪಕ್ಕದ ದೊಡ್ಡವ್ವನನ್ನೂ ಬಿಡಿಸಿ, ಒಬ್ಬಳನ್ನೇ ನಿಲ್ಲಿಸಿದೆ.

ಸೋಮವಾರ ಬೆಳಿಗ್ಗೆ ನಾನೇ ಫೋಟೋ ಹೊತ್ತು ಸವದತ್ತಿಗೆ ಹೋದೆ. ಹೊಸ ಬಣ್ಣದ ವಾಸನೆ, ಬಾಗಿಲಿಗೆ ಮಾವಿನ ತೋರಣ. ಟೀಚರ್ ಹೊಸ್ತಿಲ ಮುಂದೆಯೇ ಕಾಗದ ಬಿಚ್ಚಿದರು. ನೋಡಿದರು. ಹಣೆಯ ಹಚ್ಚೆಯ ಮೇಲೆ ಬೆರಳಿಟ್ಟರು. ಎರಡೂ ಕೈಯಲ್ಲಿ ಎತ್ತಿ ಹಿಡಿದು, ಚೌಕಟ್ಟನ್ನು ಮುಂದೆ ಮಾಡಿ ಒಳಗೆ ಹೋದರು. ಪಡಸಾಲೆಯ ಗೋಡೆಗೆ ಮೊಳೆ ಹೊಡೆದದ್ದು ನಾನು. ಹಾರ ಹಾಕುವಾಗ, "ಸೆರಗಿನ ಮ್ಯಾಲೆ ಬೀಳೂದ ಬ್ಯಾಡ್ರಿ ಅಣ್ಣಾರ, ಸ್ವಲ್ಪ ಕೆಳಗ ಬಿಡ್ರಿ" ಎಂದು ಅವರೇ ಸರಿಪಡಿಸಿದರು.

ದೊಡ್ಡವ್ವನನ್ನು ಕೈ ಹಿಡಿದು ಕರೆತಂದು ಫೋಟೋದ ಎದುರು ಕೂರಿಸಿದರು. ನಾನು ಗೋಡೆಗೆ ಅಂಟಿಕೊಂಡು ನಿಂತೆ. ಇವತ್ತೂ "ಯಾರಿಕಿ?" ಎಂದರೆ ಇಲ್ಲಿಂದಲೇ ಬಸ್ಸು ಹಿಡಿದು ಹೋಗಿ ಮೊದಲ ಚುಕ್ಕೆಯಿಂದ ಶುರು ಮಾಡುವುದೆಂದು ನಿಶ್ಚಯ ಮಾಡಿಕೊಂಡಿದ್ದೆ.

ದೊಡ್ಡವ್ವ ಕರಿ ಕನ್ನಡಕ ಮೇಲೆತ್ತಿದರು. ತಂಗಿಯನ್ನು ನೋಡಿದರು. ತಂಗಿಯ ಮುಂದೆ ಕುರ್ಚಿಯಿದ್ದ ಜಾಗವನ್ನು ನೋಡಿದರು. ಒಂದಿಷ್ಟು ಮುಂದಕ್ಕೆ ಬಾಗಿ, ಮೆಲ್ಲಗೆ, ಗುಟ್ಟು ಹೇಳುವವರಂತೆ ಅಂದರು:

"ಮಾವನ್ನ ತಗದಾರ, ತಂಗಿ. ಇನ್ನರ ಸೆರಗ ಬಿಡು."